ಡಬ್ಬಿಯಲ್ಲಿ ಬೆಳೆದ ಜೋಳ

ಪಿಯುಸಿ ಮುಗಿದ ಬೇಸಿಗೆಯಲ್ಲಿ ನಮ್ಮ ವಠಾರಕ್ಕೆಲ್ಲ ನನ್ನದೇ ಚಿಂತೆ. ಟಿ. ದಾಸರಹಳ್ಳಿಯ ಆ ವಠಾರದಲ್ಲಿದ್ದವರು ಬಹುಪಾಲು ಗದಗ, ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಕಂಬ ಎಲ್ಲಿಗೆ ಬಂತು ಎಂದು ಕೇಳಿದಷ್ಟೇ ಸಲೀಸಾಗಿ ನಾನು ಮುಂದೇನು ಓದುತ್ತೇನೆಂದೂ ಕೇಳುತ್ತಿದ್ದರು. ಮೆಡಿಕಲ್‌ಗೆ ನನ್ನ ಅಂಕ ಸಾಲದು, ಇಂಜಿನಿಯರಿಂಗ್‌ಗೆ ಮನಸ್ಸು ಸಾಲದು. ನನಗೆ ಬೇಕಾಗಿದ್ದದ್ದು ಬಿಎಸ್ಸಿ ಕೃಷಿ. ಕಾಲೇಜಿನಲ್ಲಿ ನಿದ್ದೆ ಬಾರದಂತೆ ಕೇಳಿಸಿಕೊಂಡದ್ದು ಗಿಡಗಳ ಪಾಠವೊಂದನ್ನೇ ಎನ್ನುವುದನ್ನು ಬಿಟ್ಟರೆ ನನ್ನಲ್ಲಿ ಬೇರೆ ಕಾರಣವಿರಲಿಲ್ಲ.

ಆ ಕೋರ್ಸಿನಲ್ಲಿ ರೈತರ ಮಕ್ಕಳಿಗೆಂದು ಕೆಲವು ಸೀಟುಗಳನ್ನು ಎತ್ತಿಡುತ್ತಾರೆ. ಸೀಟು ಸಿಕ್ಕರೆ ಹಾಸ್ಟೆಲ್, ವಿದ್ಯಾರ್ಥಿವೇತನ ಎರಡಕ್ಕೂ ದಾರಿಯಿತ್ತು. ಊರಿನಲ್ಲಿ ಅಪ್ಪನ ಹೆಸರಿಗೆ ಹೊಲವಿತ್ತು, ಅದನ್ನು ನನ್ನ ಸೋದರತ್ತೆ ನೋಡಿಕೊಳ್ಳುತ್ತಿದ್ದಳು. ಹಾಗಾಗಿ ನಾನೂ ರೈತನ ಮಗಳೇ. ಆದರೆ ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಬೀಜ, ಬೇಸಾಯದ ಉಪಕರಣ, ನಿಂತ ಪೈರು ಎಲ್ಲವನ್ನೂ ತೋರಿಸಿ ಯಾವುದು ಏನೆಂದು ಬರೆಸುತ್ತಿದ್ದರು. ನಾನೋ, ಹೊಲವನ್ನು ಹಬ್ಬಕ್ಕೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿದವಳು.

ತಯಾರಿ ಮನೆಯಲ್ಲೇ ನಡೆಯಿತು. ಅವ್ವ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ನನ್ನ ಕಣ್ಣು ಮುಚ್ಚಿಸಿ, ಅಂಗೈಗೆ ಕಾಳು ಹಾಕಿ ಕೇಳುವಳು. ತಪ್ಪಿದರೆ ಅವತ್ತು ಅದೇ ಕಾಳಿನ ಪಲ್ಯ. ಅಪ್ಪ ಲೇತ್ ಆಪರೇಟರ್. ಕಾರ್ಖಾನೆಯಲ್ಲಿ ಬಿಸಾಡಿದ ತಗಡು, ಸರಳಿನ ತುಂಡುಗಳಿಂದ ರಂಟೆ, ಕುಂಟೆ, ಕೂರಿಗೆಗಳನ್ನು ಅಂಗೈಯಗಲ ಮಾಡಿಕೊಟ್ಟ. ಅವು ಎಷ್ಟು ಚೆಂದವಿದ್ದವೆಂದರೆ, ಪಕ್ಕದ ಮನೆಯಾಕೆ ಟಿವಿ ಮೇಲಿಡಲು ಒಂದನ್ನು ಕೇಳಿ ಒಯ್ದಳು.

ಉಳಿದದ್ದು ಪೈರು. ಅಪ್ಪ ತಾರಸಿಯ ಮೇಲೆ ಹಳೆಯ ಪೇಂಟ್ ಡಬ್ಬಿಗೆ ಮಣ್ಣು ತುಂಬಿ ಜೋಳ ಬಿತ್ತಿದ. ನೀರಿನ ಟ್ಯಾಂಕಿನ ನೆರಳಿನಲ್ಲಿ ಅದು ಹುಲ್ಲಿನ ಹಾಗೆ ಸಣಕಲಾಗಿ ಎದ್ದಿತು.

"ಇದ ನೋಡವಾ ನಮ್ಮ ಜ್ವಾಳ. ಛಂದಂಗ ನೋಡ್ಕೋ," ಎಂದ. ನಾನು ಚೆನ್ನಾಗಿಯೇ ನೋಡಿಕೊಂಡೆ.

ಪರೀಕ್ಷೆಯ ದಿನ ಬೀಜಗಳ ಮೇಜು ದಾಟಿದೆ, ಉಪಕರಣಗಳನ್ನೂ ದಾಟಿದೆ. ಪೈರಿನ ಮಡಿಗಳಲ್ಲಿ ಯಾವುದೂ ನಮ್ಮ ಡಬ್ಬಿಯ ಜೋಳದ ಹಾಗಿರಲಿಲ್ಲ. ದಪ್ಪ ದಂಟು, ಅಗಲ ಎಲೆ, ನನ್ನ ಎದೆಯೆತ್ತರ ಬೆಳೆದಿದ್ದ ಒಂದಕ್ಕೆ ಮೆಕ್ಕೆಜೋಳ ಎಂದು ಬರೆದೆ. ಉಳಿದವಕ್ಕೂ ತೋಚಿದ್ದನ್ನು ಬರೆದು ಹೊರಬಂದೆ. ಜೊತೆಗಿದ್ದ ಹುಡುಗಿ ಆ ದಪ್ಪ ದಂಟಿನದು ಬಿಳಿಜೋಳ ಎಂದಳು. ಅವಳಿಗೆ ಅದೊಂದು ಪ್ರಶ್ನೆ ಎಂದೇ ಅನ್ನಿಸಿರಲಿಲ್ಲ.

ನಾನು ಫೇಲಾದೆ. ಸೀಟು ಹೋದದ್ದಕ್ಕಿಂತ ಜೋಳ ತಪ್ಪಿದ್ದು ಅಪ್ಪನನ್ನು ಹೆಚ್ಚು ನೋಯಿಸಿತು.

"ಎರಡೂ ಹೊತ್ತು ಅದನ್ನ ಉಣ್ತೀವಲ್ಲವಾ," ಎಂದ. ಆಮೇಲೆ ಅವನೇ, "ತಪ್ಪು ನಂದ ಐತಿ ಬಿಡು. ಡಬ್ಬ್ಯಾಗ ಬೆಳೆದದ್ದು ಜ್ವಾಳ ಹೆಂಗಾದೀತು?" ಎಂದ.

ಹತ್ತಿರದ ಕಾಲೇಜಿನಲ್ಲಿ ಬಿಕಾಂ ಸೇರಿಸುವುದೆಂದು ತೀರ್ಮಾನವಾಯಿತು. ನಾನು ಒಪ್ಪಲಿಲ್ಲ. "ಒಂದು ವರ್ಷ ಬಿಡಪ್ಪಾ. ಅತ್ತೆ ಮನೇಲಿದ್ದು ಹೊಲಕ್ಕೆ ಹೋಗ್ತೀನಿ, ಮುಂದಿನ ವರ್ಷ ಮತ್ತೆ ಬರೀತೀನಿ," ಎಂದೆ. ಆಗುವುದಿಲ್ಲ ಎಂದ. ಅಪ್ಪ ಅಷ್ಟು ಖಡಾಖಂಡಿತವಾಗಿ ಯಾವುದಕ್ಕೂ ಇಲ್ಲವೆಂದವನಲ್ಲ. ನಾನೂ ಅವನ ಮಗಳೇ, ಊಟ ಬಿಟ್ಟೆ. ಸಂಜೆಗೆ ಅವ್ವ ಗಿರ್ಮಿಟ್ ಮಾಡಿದ್ದರಿಂದ ಆ ಸತ್ಯಾಗ್ರಹ ಅಲ್ಲಿಗೇ ಮುಗಿಯಿತು, ಜಗಳ ಮಾತ್ರ ಮುಗಿಯಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ರೇಗಿಬಿಟ್ಟೆ. "ಒಂದು ವರ್ಷ ತಾನೇ? ಒಂದು ವರ್ಷಕ್ಕೆ ಏನು ಮುಳುಗಿ ಹೋಗುತ್ತೆ?"

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನಾನೂ ಒಂದ ವರ್ಷಕ್ಕಂತ ಬಂದಾಂವ," ಎಂದ. "ಪಿಯುಸಿ ಪಾಸಾಗಿದ್ದೆ. ಧಾರವಾಡದಾಗ ಡಿಗ್ರಿ ಮಾಡೂ ಆಸೆ ಇತ್ತು. ಒಂದ ವರ್ಷ ದುಡದು ಬರ್ತೀನಂತ ಹೇಳಿ ಪೀಣ್ಯಕ್ಕ ಬಂದೆ. ಆ ವರ್ಷ ಇನ್ನಾ ನಡದೈತಿ."

ಅಪ್ಪ ಪಿಯುಸಿ ಓದಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು, ತಲೆ ತಗ್ಗಿಸಿ ಸಾರು ಬಡಿಸಿದಳು. ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ನನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಂಡಿದ್ದೆ. ಅವನು ಹೆದರಿದ್ದು ಒಂದು ವರ್ಷ ಎನ್ನುವ ಮಾತಿಗೆ.

ಮತ್ತೆ ನಾನು ಆ ಸುದ್ದಿ ಎತ್ತಲಿಲ್ಲ. ಬಿಕಾಂ ಅರ್ಜಿ ತರಲು ಚಪ್ಪಲಿ ಮೆಟ್ಟಿದವಳನ್ನು ಅವನೇ ತಡೆದ. "ಊರಿಗೆ ಹೋಗು. ಆದ್ರ ಹೊಳ್ಳಿ ಕರಕೊಂಡು ಬರಾಕ ನಾನ ಬರ್ತೀನಿ. ಆವಾಗ ಇನ್ನೊಂದ ತಿಂಗಳು ಇರ್ತೀನಿ ಅನಬ್ಯಾಡ."

ಊರಿನಲ್ಲಿ ಅತ್ತೆ "ಪೀಣ್ಯದ ರೈತರು ಬಂದ್ರು" ಎಂದು ಎಲ್ಲರೆದುರು ಕಾಡಿಸಿದಳು. ಬಿತ್ತುವಾಗ, ಕಳೆ ತೆಗೆಯುವಾಗ, ತೆನೆ ಮುರಿಯುವಾಗ ಜೊತೆಗಿಟ್ಟುಕೊಂಡಳು. ಹಿಂಗಾರಿ ಜೋಳ ನನ್ನ ತಲೆ ಮೀರಿ ನಿಂತಿತು. ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿದರೂ ಆರಾಮಿದ್ದೀಯಾ ಎಂದು ಕೇಳುತ್ತಿರಲಿಲ್ಲ, ಪುಸ್ತಕ ತೆಗೆದೆಯೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದ. ಬೇಸಿಗೆಗೆ ಮುಂಚೆ ಹೇಳಿದಂತೆ ತಾನೇ ಬಂದ. ಅತ್ತೆ ಇನ್ನೆರಡು ದಿನ ಇರಲಿ ಎಂದರೂ ಚೀಲ ಕೆಳಗಿಡಲಿಲ್ಲ.

ಆ ಸಲ ನನಗೆ ಸೀಟು ಸಿಕ್ಕಿತು. ಸೇರುವ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾಲೇಜಿಗೆ ಬಂದಿದ್ದ. ಕೆಲಸವೆಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಒಳಗಿನ ಕಟ್ಟಡಗಳನ್ನು ಬಹಳ ಹೊತ್ತು ನೋಡಿದ. ನನ್ನ ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

"ನಂದೂ ಒಂದ ವರ್ಷ ಇವತ್ತ ಮುಗೀತು ನೋಡವಾ," ಎಂದ.

ಅಷ್ಟು ಹೇಳಿ, ಎರಡನೇ ಪಾಳಿಗೆ ತಡವಾಗುತ್ತದೆಂದು ಪೀಣ್ಯದ ಬಸ್ಸು ಹತ್ತಿದ.