ಕಾರ್ ರೇಸು ಓಡದ ವಾರ

ದೇವರಾಜ ಅರಸು ಬಡಾವಣೆಯಲ್ಲಿ ನಾನು ಕಂಪ್ಯೂಟರ್ ಗೇಮಿನ ಅಂಗಡಿ ಇಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹರಿಹರದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿದ ಕೈ ನನ್ನದು, ಯಾರ ಮುಂದೂ ಚಾಚಿದ್ದಲ್ಲ. ಇದ್ದದ್ದು ಒಂದೇ ಕಂಪ್ಯೂಟರು, ಅದರಲ್ಲೊಂದು ಹಳೇ ಕಾರ್ ರೇಸು. ಅದನ್ನಾಡಲು ಬರುತ್ತಿದ್ದ ಮೂವರು ಕಾಲೇಜು ಹುಡುಗರೇ ಅಂಗಡಿಯ ಜೀವ.

ಪಕ್ಕದ ಬೀದಿಯಲ್ಲಿ ಇಂಥದೇ ಹೊಸ ಅಂಗಡಿಯಾಯಿತು. ಅಲ್ಲಿ ಚಿತ್ರ ಕಣ್ಣಿಗೆ ಕಟ್ಟಿದಂಗೆ ಕಾಣುತ್ತದಂತೆ. ‘ಭಾನುವಾರದ ತನಕ ನೋಡ್ತೀವಣ್ಣ,’ ಅಂದ ಹುಡುಗರಲ್ಲೊಬ್ಬ. ‘ಆಮೇಲೆ ಅಲ್ಲಿಗೆ ಹೋದ್ರೆ ಬೇಜಾರು ಮಾಡ್ಕೋಬ್ಯಾಡ.’

ಚಿತ್ರ ಚಂದ ಮಾಡುವ ಗ್ರಾಫಿಕ್ಸ್ ಕಾರ್ಡ್ ತಂದು ಕಂಪ್ಯೂಟರಿನೊಳಗೆ ಕೂರಿಸಿದೆ. ಚಿತ್ರ ಹೇಗೆ ಬಿಡಿಸಲಿ ಎಂದು ಆಟವೇ ಕೇಳುತ್ತಿತ್ತು: ಸಾಫ್ಟ್‌ವೇರ್ ಅಂದರೆ ಕಂಪ್ಯೂಟರೇ ಒದ್ದಾಡಿ ಬಿಡಿಸಬೇಕು, ಡೈರೆಕ್ಟ್ ತ್ರೀಡಿ ಅಂದರೆ ಕೆಲಸ ಕಾರ್ಡಿನದು. ಕಾರ್ಡ್ ತಂದವನು ಸಾಫ್ಟ್‌ವೇರ್ ಯಾಕೆ ಒತ್ತಲಿ? ತ್ರೀಡಿಯನ್ನೇ ಒತ್ತಿದೆ, ಚಿತ್ರದ ಅಳತೆಯನ್ನೂ ಎಲ್ಲಕ್ಕಿಂತ ದೊಡ್ಡದಕ್ಕೆ ಇಟ್ಟೆ. ರಸ್ತೆ ಮಿಂಚಿ ಮಾಯವಾಯಿತು, ಪರದೆ ಕಪ್ಪು. ಕಾರ್ಡ್ ಕಿತ್ತು ಮತ್ತೆ ಕೂರಿಸಿದೆ, ಆಟವನ್ನು ಅಳಿಸಿ ಹೊಸದಾಗಿ ಹಾಕಿದೆ. ಮತ್ತೆ ಕಪ್ಪು. ಪಕ್ಕದ ಬೀದಿಯ ಅಂಗಡಿಯವನನ್ನು ಕೇಳುವುದಕ್ಕಿಂತ ಬಾಗಿಲು ಹಾಕುವುದೇ ಮೇಲು ಅನಿಸಿತು.

ಶನಿವಾರ ಹರಿಹರದ ಬಸ್ ಹತ್ತಿದೆ, ಮೋಟಾರು ಸುತ್ತಲು ಕಲಿಸಿದ ಹಳೇ ಉಸ್ತಾದರ ಹತ್ತಿರ ಮತ್ತೆ ಕೆಲಸ ಕೇಳಲು. ಬಾಯಿ ಬರಲಿಲ್ಲ. ಬದಲಿಗೆ ಪರದೆಯ ಕಥೆ ಹೇಳಿಕೊಂಡೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ. ತಂತಿ ಸುತ್ತುತ್ತಲೇ ಕೇಳಿದರು:

‘ಸುತ್ತಿದ ಮೋಟ್ರನ್ನ ಸೀದಾ ಪಂಪಿಗೆ ಕಟ್ತಿದ್ದಿಯೇನೋ? ಮೊದ್ಲು ಬರೇ ಓಡಿಸಿ ನೋಡ್ತಿದ್ದಿ, ಆಮೇಲೆ ಲೋಡು. ಅದಕ್ಯಾಕ ಮೊದ್ಲೇ ಅಷ್ಟು ಹೊರಿಸಿದಿ?’

ಕೆಲಸದ ಮಾತೆತ್ತದೆ ವಾಪಸ್ ಬಂದೆ. ಸಾಫ್ಟ್‌ವೇರಿಗೆ ಹಾಕಿ, ಅತಿ ಸಣ್ಣ ಚಿತ್ರ ಇಟ್ಟೆ. ಗೋಣಿತಟ್ಟಿನಷ್ಟು ಒರಟು, ಆದರೆ ಓಡಿತು. ಅದೇ ಅಳತೆಯಲ್ಲಿ ತ್ರೀಡಿ: ಓಡಿತು. ಒಂದು ಅಳತೆ ಏರಿಸಿದೆ, ತಾಳಿತು. ಇನ್ನೊಂದು ಏರಿಸಿದೆ, ಕಪ್ಪು. ಒಂದು ಇಳಿಸಿ ಕೈ ತೆಗೆದೆ.

ಭಾನುವಾರ ಮೂವರೂ ಬಂದರು. ಒಬ್ಬ ಆಡಲು ಕೂತ. ಪ್ರತಿ ತಿರುವಿನಲ್ಲೂ ಪರದೆ ಕಪ್ಪಾದೀತೇ ಎಂದು ನೋಡುತ್ತಿದ್ದೆ. ರೇಸು ಎಲ್ಲೂ ನಿಲ್ಲದೆ ಮುಗಿಯಿತು.

‘ಅಲ್ಲಿ ಇದಕ್ಕಿಂತ ಚಂದ ಐತಲ್ಲಣ್ಣ,’ ಎಂದ ಹಿಂದೆ ನಿಂತವನು. ಇರಬಹುದು ಎಂದೆ. ಅವನೂ ಅವನ ಜೊತೆಗಾರನೂ ಚಪ್ಪಲಿ ಮೆಟ್ಟಿ ಹೊರಟರು.

ಕೂತವನು ಮಾತ್ರ ಏಳಲಿಲ್ಲ, ಇನ್ನೊಂದು ರೇಸು ಶುರು ಮಾಡಿದ. ಒಬ್ಬನಿಂದ ಅಂಗಡಿ ಎಷ್ಟು ದಿನ ನಡೆದೀತು, ಗೊತ್ತಿರಲಿಲ್ಲ. ಫ್ಯಾನನ್ನು ಅವನ ಕಡೆಗೆ ತಿರುಗಿಸಿದೆ.