ನನ್ನ ಮೂಗಿಗೆ ಬಾರದ ವಾಸನೆ

ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪವಿರುತ್ತದೆ. ನನಗೆ ಕೋಪದ ಜೊತೆ ಜಂಬವೂ ಅಲ್ಲೇ ಇತ್ತು. ಇಂದಿರಾನಗರದ ಹಳೆಯ ಬಂಗಲೆಯೊಂದರಲ್ಲಿರುವ ಪರೀಕ್ಷಾಲಯದಲ್ಲಿ ವಸ್ತುಗಳ ವಾಸನೆಯನ್ನು ಪರೀಕ್ಷಿಸುವುದು ನನ್ನ ಕೆಲಸ. ಕಾರಿನ ಸೀಟಿನ ಬಟ್ಟೆ, ಪ್ಲಾಸ್ಟಿಕ್ ಡಬ್ಬಿ, ಒಣಗಿದ ದವನ, ಏನೇ ಬರಲಿ, ಒಂದು ಚೂರು ಕತ್ತರಿಸಿ ಗಾಜಿನ ಸೀಸೆಯಲ್ಲಿ ಮುಚ್ಚಿ ಬಿಸಿ ಮಾಡುತ್ತೇವೆ. ಎದ್ದ ಆವಿಯನ್ನು ಯಂತ್ರ ಬಿಡಿಸಿ, ಒಂದೊಂದು ರಾಸಾಯನಿಕಕ್ಕೂ ಪರದೆಯ ಗ್ರಾಫಿನ ಮೇಲೆ ಒಂದೊಂದು ಪೀಕ್, ಅಂದರೆ ಚೂಪು ಶಿಖರ, ಎಬ್ಬಿಸುತ್ತದೆ. ಪಕ್ಕದ ಕೊಳವೆಗೆ ಮೂಗೊಡ್ಡಿ ಅದು ಎಂಥ ವಾಸನೆಯೆಂದು ನಾನು ಬರೆಯಬೇಕು. ಅದಕ್ಕಾಗಿ ಮಲ್ಲಿಗೆ ಮುಡಿಯುವಂತಿಲ್ಲ, ಪೌಡರ್ ಹಚ್ಚುವಂತಿಲ್ಲ, ಬೆಳಿಗ್ಗೆ ಈರುಳ್ಳಿ ದೋಸೆಯೂ ಇಲ್ಲ. ಹನ್ನೊಂದು ವರ್ಷ ಈ ವ್ರತ ಹಿಡಿದಿದ್ದೆ.

ಆ ಡಿಸೆಂಬರಿನಲ್ಲಿ ಕೆ.ಆರ್. ಪುರದ ಸಣ್ಣ ಕಾರ್ಖಾನೆಯೊಂದರಿಂದ ಹಸುಗೂಸುಗಳ ಹಾಸಿಗೆಯ ಫೋಮ್ ಬಂತು. ಪರದೆಯ ಮೇಲೆ ನುಸಿಗುಳಿಗೆಯ ಪೀಕ್ ಎದ್ದಿತು. ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುತ್ತೇವಲ್ಲ, ಆ ಬಿಳಿ ಗುಳಿಗೆ. ಅದರ ಆವಿ ಕೂಸುಗಳಿಗೆ ಒಳ್ಳೆಯದಲ್ಲ. ಕೊಳವೆಯಲ್ಲಿ ಮಾತ್ರ ನನ್ನ ಮೂಗಿಗೆ ಏನೂ ಬರಲಿಲ್ಲ. ಶೀತವಾಗಿರಬೇಕು ಅಂದುಕೊಂಡು ಯಂತ್ರವನ್ನೇ ನಂಬಿ, ಫೇಲ್ ಎಂದು ಬರೆದು ಕಳಿಸಿಬಿಟ್ಟೆ.

ನಾಲ್ಕನೆಯ ದಿನ ಕಾರ್ಖಾನೆಯ ಒಡತಿಯೇ ಬಂದು ನನ್ನೆದುರು ಕೂತರು.

"ಮೇಡಂ, ಇನ್ನೊಂದ್ಸಲ ನೋಡಿ. ನಿಮ್ ರಿಪೋರ್ಟ್ ನೋಡಿ ಕಟಿಂಗ್ ಮಾಡೋ ಹೆಂಗಸನ್ನ ಕೆಲಸದಿಂದ ಬಿಡಿಸ್ಬಿಟ್ಟೆ. ಚಳಿ ಅಂತ ಶಾಲು ಹೊದ್ಕೊಂಡು ಕತ್ತರಿಸ್ತಿದ್ಲು. ಅದ್ರಿಂದ್ಲೇ ಬಂದಿರ್ಬೇಕು ಅಂತ."

"ಸರಿಯಾಗೇ ಮಾಡಿದ್ದೀರಲ್ಲ."

"ಅವಳು ಅಳ್ತಾಳೆ. ನಮ್ಮನೇಲಿ ಬೀರೂನೇ ಇಲ್ಲಕ್ಕ, ಆ ಗುಳಿಗೆ ಎಲ್ಲಿಂದ ತರ್ಲಿ ಅಂತಾಳೆ. ನಾಳೆ ಅವಳ ಜಾಗಕ್ಕೆ ಬೇರೆಯವ್ರು ಬರ್ತಾರೆ. ಅದಕ್ಕೆ ಮುಂಚೆ ಒಂದ್ಮಾತು ಕೇಳೋಣ ಅಂತ ಬಂದೆ."

"ಯಾರು ಅತ್ರೂ ಗ್ರಾಫ್ ಬದಲಾಗಲ್ಲ ರೀ," ಎಂದು ರೇಗಿ, ಪೀಕ್ ತೋರಿಸಲು ಮೇಜಿನ ಮೇಲೆ ಬಾಗಿದೆ. ಅವರು ಮುಖ ಹಿಂದಕ್ಕೆ ಸರಿಸಿದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಆ ವಾಸನೆ ನಿಮ್ ಸ್ವೆಟರಿಂದ ಬರ್ತಿದೆ."

ಮೈಯೆಲ್ಲ ಉರಿದುಹೋಯಿತು. ಅವರನ್ನು ಹೊರಗೆ ಕೂರಿಸಿ, ಒಳಗೆ ಬಂದು ತೋಳನ್ನು ಮೂಗಿಗೆ ಒತ್ತಿಕೊಂಡೆ. ಏನೂ ಇಲ್ಲ. ಆದರೆ ದಿನವಿಡೀ ಒಂದೇ ವಾಸನೆಯಲ್ಲಿದ್ದರೆ ಮೂಗು ಅದನ್ನು ಹೇಳುವುದನ್ನೇ ಬಿಟ್ಟುಬಿಡುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಆಗ ನೆನಪಾಯಿತು: ಫೋಮ್ ಬಂದ ದಿನವೇ ಸ್ವೆಟರನ್ನು ನುಸಿಗುಳಿಗೆ ಇಟ್ಟಿದ್ದ ಬೀರುವಿನಿಂದ ತೆಗೆದಿದ್ದೆ. ನಿಯಮದಂತೆ ಖಾಲಿ ಸೀಸೆಯನ್ನು ಮೊದಲು ಪರೀಕ್ಷಿಸಿದಾಗ ಏನೂ ಇರಲಿಲ್ಲ. ಆಮೇಲೆ ಎಸಿ ಕೋಣೆಯ ಚಳಿಗೆ ಸ್ವೆಟರ್ ಹಾಕಿಕೊಂಡು, ಅದೇ ತೋಳುಗಳಲ್ಲಿ ಫೋಮನ್ನು ಅವುಚಿ ಹಿಡಿದು ಕತ್ತರಿಸಿದ್ದೆ.

ಸ್ವೆಟರಿನ ಒಂದು ಎಳೆ ಕಿತ್ತು ಸೀಸೆಗೆ ಹಾಕಿದೆ. ಅರ್ಧ ಗಂಟೆ ಪರದೆಯ ಮುಂದೆ ಕೂತೆ. ಪೀಕ್ ಏಳದಿರಲಿ ದೇವರೇ ಎಂದು ಬೇಡಿಕೊಂಡೆ. ಏಳದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಆ ಹೆಂಗಸಿನ ಕೆಲಸ ಹೋಗುತ್ತಿತ್ತು. ಅದು ಗೊತ್ತಿದ್ದೂ ಬೇಡಿಕೊಂಡೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಪೀಕ್ ಎದ್ದಿತು, ಅದೇ ಜಾಗದಲ್ಲಿ.

ಸ್ವೆಟರ್ ತೆಗೆದಿಟ್ಟು, ಕೈ ತೊಳೆದು, ಒಡೆಯದೆ ಉಳಿದಿದ್ದ ಇನ್ನೊಂದು ಪೊಟ್ಟಣದ ಫೋಮನ್ನು ಪರೀಕ್ಷಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಹೊಸ ರಿಪೋರ್ಟಿನಲ್ಲಿ, ಹಿಂದಿನದು ತಪ್ಪಾಗಲು ಕಾರಣ ಎಂಬಲ್ಲಿ "ಪರೀಕ್ಷಕಿಯ ಸ್ವೆಟರ್" ಎಂದು ಬರೆದು ಮೇಲಧಿಕಾರಿಗೆ ಕೊಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದರು.

ಹೊರಗೆ ಕಾಯುತ್ತಿದ್ದ ಒಡತಿ ಬೈಯಲಿಲ್ಲ. "ನಾನ್ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದೀನಿ ಅಂದ್ಕೋತಾಳೆ. ನೀವೇ ಬಂದು ಹೇಳ್ಬಿಡಿ," ಎಂದರು.

ಸ್ವೆಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿಕೊಂಡು ಅವರ ಜೊತೆ ಮೆಟ್ರೋ ಹತ್ತಿದೆ. ಕೆ.ಆರ್. ಪುರದಲ್ಲಿ ಇಳಿಯುವವರೆಗೂ ಏನು ಹೇಳಲಿ ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಆ ಹೆಂಗಸಿನದು ಒಂದೇ ಕೋಣೆಯ ಮನೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಮನೆಯವರೆಲ್ಲರ ಬಟ್ಟೆ, ತುದಿಯಲ್ಲಿ ಆ ಶಾಲು ಒದ್ದೆಯಾಗಿ ತೂಗುತ್ತಿತ್ತು. ಬಾಯಿಪಾಠ ಮರೆತುಹೋಯಿತು. ತಪ್ಪು ನನ್ನದು, ನಾಳೆಯಿಂದಲೇ ಕೆಲಸಕ್ಕೆ ಬನ್ನಿ ಎಂದಷ್ಟೇ ಹೇಳಿದೆ. ಒಡತಿಯೂ ತಲೆಯಾಡಿಸಿದರು.

ಆ ಹೆಂಗಸು ನಾನು ಚಾಚಿದ ಕವರಿನ ಗಂಟು ಬಿಚ್ಚಿ, ಸ್ವೆಟರನ್ನು ಮುಖಕ್ಕೆ ಹಿಡಿದು ಬಹಳ ಹೊತ್ತು ಮೂಸಿದಳು.

"ಇದೇನಾ ಮೇಡಂ ಆ ವಾಸನೆ? ಮೂರ್ ದಿನದಿಂದ ನನ್ ಶಾಲು ಒಗೀತಾನೇ ಇದ್ದೀನಿ. ಯಾವ್ ವಾಸನೆ ಹೋಗ್ಬೇಕು ಅಂತಾನೇ ಗೊತ್ತಾಗ್ಲಿಲ್ಲ."