ಕಾಳ್ಯಾನ ಗಾಯ, ಮಾಯಕ್ಕನ ಉಪ್ಪುನೀರು

ಬೆಳಗಾವಿಯ ಆಟೋ ನಗರದಲ್ಲಿ ಇನ್ನೂ ಒಂದು ಶಟರ್ ಕೂಡ ಮೇಲೆದ್ದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಕಸಬರಿಗೆ ಬದಿಗಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಾರೆ ಮಾಯಕ್ಕ. ಎದುರಿಗೆ ಹಳೇ ಜೀಪಿನಡಿ ಕಾಳ್ಯಾ ಎಂಬ ನಾಯಿ ಹಲ್ಲು ಕಿರಿದು ಗುರ್ರೆನ್ನುತ್ತಿದೆ. ತೊಡೆಗೆ ತಗಡು ತಾಗಿ ಬೆರಳುದ್ದ ಚರ್ಮ ಕಿತ್ತಿದೆ, ಆಳವೇನಿಲ್ಲ. ಆದರೆ ಗಾಯಕ್ಕೆ ಮೆತ್ತಿದ್ದ ಕಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ಮಾಯಕ್ಕ ಗಕ್ಕನೆ ತಲೆ ಎತ್ತುತ್ತಾರೆ. ಅದು ಸುಟ್ಟ ಇಂಜಿನ್ ಆಯಿಲ್!

"ಯಾರೋ ಇದನ್ನ ಹಚ್ಚಿದವ?"

ರಾತ್ರಿ ಅಲ್ಲೇ ಮಲಗಿ ಎದ್ದ ಮೆಕ್ಯಾನಿಕ್ ಬಾಳೇಶ ತಲೆ ಕೆರೆದುಕೊಳ್ಳುತ್ತಾನೆ. "ನಾನ ಅಕ್ಕಾ. ನಮ್ಮಪ್ಪ ಕುರಿಗೆ ಹಿಂಗ ಹಚ್ತಿದ್ದ, ನೊಣ ಕುಂದರಬಾರದಂತ."

"ನಮ್ಮ ಮನ್ಯಾಗೂ ಹಚ್ತಿದ್ರಪಾ. ಆದ್ರ ನಾಯಿ ನೆಕ್ಕತೈತಿ. ಹೊಟ್ಟಿಗೆ ಹೋದ್ರ ವಿಷ ಅದು!"

ಮಾಲೀಕ ದುಂಡಪ್ಪನವರು ನಿನ್ನೆಯೇ ಕಡ್ಡಿ ಮುರಿದಂತೆ ಹೇಳಿದ್ದಾರೆ: ಇನ್ನೊಮ್ಮೆ ಯಾರ ಮೈಮೇಲಾದರೂ ಏರಿ ಬಂದರೆ ನಾಯಿ ಖಾನಾಪುರದ ಕಾಡಿಗೆ. ಅವರು ಬರುವ ಹೊತ್ತಾಗಿದೆ. ಆ ಕಾಡಂಚಿನಲ್ಲೇ ಕುರಿ ಮೇಯಿಸಿ ಬೆಳೆದ ಮಾಯಕ್ಕನಿಗೆ ಅಲ್ಲಿನ ಚಿರತೆಗಳು ಗೊತ್ತು. ಗಂಡ ತೀರಿದ ಮೇಲೆ ದಿನಾ ಖಾನಾಪುರದಿಂದ ಮೊದಲ ಬಸ್ಸಿಗೆ ಬಂದು ಐದಾರು ಗ್ಯಾರೇಜು ಗುಡಿಸುತ್ತಾರೆ. ನಾಯಿಗಳ ಆರೈಕೆ ಯಾರೂ ಹೇಳದೆ ಮೈಮೇಲೆ ಹಾಕಿಕೊಂಡ ಕೆಲಸ.

"ಕುತ್ತಿಗಿ ಹಿಡಿ ಬಾಳೇಶ. ಮೆತ್ತಗ."

ನಾಯಿಯ ಬಾಯಿಗೆ ಹತ್ತಿಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಗಾಯದ ಸುತ್ತಲಿನ ಕೂದಲು ಕತ್ತರಿಸಿ, ಸೋಪಿನ ನೊರೆಯಿಂದ ಎಣ್ಣೆ ತೆಗೆಯುತ್ತಾರೆ. ಕುದಿಸಿ ಆರಿಸಿದ ಉಪ್ಪುನೀರು ಬಿದ್ದದ್ದೇ ತಡ, ಕಾಳ್ಯಾ ಜಿಗಿಯುತ್ತದೆ, ಪಟ್ಟಿ ಜಾರುತ್ತದೆ, ಮಾಯಕ್ಕನ ಮುಂಗೈ ಹಲ್ಲುಗಳ ನಡುವೆ! ಬಾಳೇಶ ಕೂಗುತ್ತಾನೆ. ಮಾಯಕ್ಕ ಕೈ ಎಳೆಯುವುದಿಲ್ಲ.

"ಆತು, ಆತು ನನ್ನಪ್ಪ. ಮುಗೀತು."

ಹಲ್ಲು ಊರುವುದಿಲ್ಲ. ದವಡೆ ನಿಧಾನಕ್ಕೆ ಸಡಿಲವಾಗುತ್ತದೆ. ಮಾಯಕ್ಕ ಗಾಯವನ್ನು ಒತ್ತಿ ಒಣಗಿಸಿ, ನೆಕ್ಕದಂತೆ ತಳ ಕತ್ತರಿಸಿದ ಪೇಂಟಿನ ಬಕೇಟನ್ನು ಕೊರಳಿಗೆ ಕಟ್ಟುತ್ತಾರೆ. "ಕೀವು ಬಂದ್ರ, ವಾಂತಿ ಮಾಡಿದ್ರ ಡಾಕ್ಟರ ಕಡೆ ಒಯ್ಯೂದು. ನಂದೇನಿದ್ರೂ ತೊಳಿಯೂದಷ್ಟ."

ಬೈಕಿನ ಸದ್ದು. ದುಂಡಪ್ಪನವರು ಇಳಿದು ನೇರ ನಾಯಿಯತ್ತಲೇ ಬಂದು ಕೈ ಚಾಚುತ್ತಾರೆ. ಕಾಳ್ಯಾ ಆ ಕೈ ಮೂಸುತ್ತದೆ, ಬಾಲ ಆಡಿಸುತ್ತದೆ.

"ಅಲ್ಲಾ, ಬಕೇಟ್ ಹಾಕ್ಕೊಂಡು ಹೆಂಗ ನಿಂತದ ನೋಡು!" ದುಂಡಪ್ಪನವರಿಗೆ ನಗು ತಡೆಯದು. "ಇರ್ಲಿ ಬಿಡು ಇಲ್ಲೇ."

ಕಚ್ಚುತ್ತದೆಂಬ ಭಯವಾಗಲಿಲ್ಲವೇ ಎಂದು ಅವರು ಕೇಳಿದರೆ ಮಾಯಕ್ಕ ಕಸಬರಿಗೆ ಎತ್ತಿಕೊಳ್ಳುತ್ತಾರೆ.

"ಆಗೂದಿಲ್ಲೇನ್ರಿ? ಆದ್ರ ಅದೂ ಅಂಜಿತ್ತಲ್ರಿ. ಇಬ್ಬರೂ ಅಂಜಿ ಓಡಿದ್ರ ಗಾಯ ತೊಳಿಯೋರು ಯಾರ್ರಿ?"